ಸ್ಯಾಂಪಲ್ ೪೧೭

ಇವತ್ತು ರುಚಿ ನೋಡುವ ದಿನ.
ಮಲ್ಲಿಗೆ ಮುಡಿಯಕೂಡದು, ಎಲೆಯಡಿಕೆ ಕೂಡದು.
ಬೆಳಗಿನ ಸಾರಿಗೆ ಮರೆತು ಇಂಗು ಹಾಕಿದ್ದೆ,
ಎರಡು ಸಲ ಹಲ್ಲುಜ್ಜಿ
ಕ್ಯಾತಮಾರನಹಳ್ಳಿಯಲ್ಲಿ ಬಸ್ಸು ಹತ್ತಿದೆ.
ಪಕ್ಕ ಕೂತವಳ ಬುಟ್ಟಿಯ ತುಂಬ ಮಾರ್ಕೆಟ್ಟಿನ ಮಲ್ಲಿಗೆ.
ಮೂಗು ಮುಚ್ಚಿಕೊಂಡೆ. ಏನಂದುಕೊಂಡಳೋ ಪುಣ್ಯಾತ್ಗಿತ್ತಿ.

ಪ್ರಯೋಗಾಲಯದಲ್ಲಿ ಆರು ಗೂಡು, ನನ್ನದು ಕೊನೆಯದು.
ಕೆಂಪು ದೀಪ. ಬಣ್ಣ ಕಂಡರೆ
ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದಲ್ಲ.
ಪುಟ್ಟ ಕಿಟಕಿ ಸರಿಯಿತು, ಮುನೀರನ ಕೈ ಮಾತ್ರ ಕಂಡಿತು:
ನಾಲ್ಕು ಲೋಟ, ನಾಲ್ಕು ನಂಬರು, ಉಗಿಯಲು ಒಂದು ಡಬರಿ.
ಬಿಳಿ ವೈನಂತೆ. ಬಿಳಿಯೆಂದು ನಂಬಬೇಕು,
ಈ ಬೆಳಕಲ್ಲಿ ಎಲ್ಲವೂ ಕುಂಕುಮದ ನೀರು.

ಹನ್ನೊಂದು ವರ್ಷದಿಂದ ಇದೇ ನನ್ನ ಅನ್ನ:
ಬಾಯಿಗೆ ಹಾಕು, ಹೊರಳಿಸು, ಉಗಿ, ಬರಿ.
ಬಿಸ್ಕತ್ತು, ಉಪ್ಪಿನಕಾಯಿ, ಕಾಫಿ, ಕೂಸುಗಳ ಗಂಜಿಹಿಟ್ಟು.
ಎಲ್ಲ ನುಂಗಿದ್ದರೆ ಈ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.
ವೈನು ಈಚಿನದು. ಅತ್ತೆಗೆ ದ್ರಾಕ್ಷಿ ರಸ ಎಂದಿದ್ದೇನೆ.
ಸುಳ್ಳೂ ಅಲ್ಲ.

೪೧೭.
ಮೊದಲು ನಿಂಬೆಯ ಸಿಪ್ಪೆ. ಟಿಕ್ಕು ಹಾಕಿದೆ.
ಎಳೆ ಸೇಬು. ಟಿಕ್ಕು. ಜೇನಿಲ್ಲ, ಹೂವಿಲ್ಲ.
ಆಮೇಲೆ, ಉಗಿದ ಮೇಲೆ, ನಾಲಿಗೆಯ ಬುಡದಲ್ಲಿ
ಯಾರೋ ಉಳಿ ಇಟ್ಟು ಸುತ್ತಿಗೆ ಎತ್ತಿದ ಹಾಗೆ...
ಅಪ್ಪ.

ಚಿನಕುರಳಿ ದಾರಿಯ ಬಂಡೆ. ಮಟಮಟ ಮಧ್ಯಾಹ್ನ.
ಉಳಿಯಿಂದ ಹಾರಿದ ಕಿಡಿಯ ವಾಸನೆ,
ಕಿಡಿ ಆರಿದ ಮೇಲಿನ ವಾಸನೆ.
ರಾಗಿಕಲ್ಲು ಮುಗಿಸಿ, ಅದರ ಮೊದಲ ಮೀಹಕ್ಕೆ
ಒಂದು ಚೊಂಬು ನೀರು ಹುಯ್ದು
“ನೋಡವ್ವ, ಉಪ್ಪೈತಾ?” ಅಂತ ನೆಕ್ಕಿಸುತ್ತಿದ್ದ ಹನುಮಬೋವಿ.
ಉಪ್ಪಿರುತ್ತಿತ್ತು.
ಕಲ್ಲಿನದೋ ಅವನ ಬೆವರಿನದೋ, ಕೇಳಲಿಲ್ಲ.

ಹಾಳೆಯಲ್ಲಿ ಕಲ್ಲಿಗೆ ಚೌಕವಿಲ್ಲ.
‘ಇತರೆ’ ಎಂಬಲ್ಲಿ ಬರೆದೆ:
ಹೊಸ ರಾಗಿಕಲ್ಲಿಗೆ ಹುಯ್ದ ಮೊದಲ ನೀರು.

ವಸುಮತಿ ಮೇಡಂ ಕರೆಸಿದರು. ಬೈಯಲಿಲ್ಲ, ಕನ್ನಡಕ ಒರೆಸಿದರು.
“ಇದು ದೂರದ ಚಳಿಸೀಮೆಯದು.
ಬೆಂಕಿ ಕಾರಿದ ಬೆಟ್ಟದ ಬೂದಿಯಲ್ಲಿ ಬಳ್ಳಿ ನೆಡುತ್ತಾರೆ.
ಆ ಕಲ್ಲು ನಿಮಗೆ ಹೇಗೆ ಗೊತ್ತು?”
ಆ ಕಲ್ಲು ಗೊತ್ತಿಲ್ಲ ಮೇಡಂ. ಈ ಕಲ್ಲು ಗೊತ್ತು.
“ಸರಿ, ಮಿಕ್ಕವರ ಮೂಗಿಗೂ ತಾಗಬೇಕಲ್ಲ. ಏನಾದರೂ ತನ್ನಿ.”

ಮಾರನೆಯ ದಿನ ಟಿಫನ್ ಡಬ್ಬಿಯಲ್ಲಿ ಚಿತ್ರಾನ್ನವಿಲ್ಲ,
ಎರಡು ಚಕ್ಕೆ.
ಅಪ್ಪ ಅರ್ಧ ಕಡೆದು ಬಿಟ್ಟ ಒರಳಿನವು.
ನನ್ನ ಹಿತ್ತಲಲ್ಲಿ ಅದರ ಕುಳಿಗೆ ಗುಬ್ಬಿಗಳು ನೀರಿಗೆ ಬರುತ್ತವೆ.
ದೀಪ ಆರಿಸಿ ಒಂದಕ್ಕೊಂದು ಕುಟ್ಟಿದೆ.
ಚಿಟ್ಟೆಂದು ಒಂದು ಹಳದಿ.
ಕತ್ತಲಲ್ಲಿ ಆರು ಮೂಗು ಒಟ್ಟಿಗೆ ಬಾಗಿದವು.
ಯಾರೂ ಮಾತಾಡಲಿಲ್ಲ. ಮುನೀರ ಮಾತ್ರ
“ದೀಪಾವಳಿ ಮಾರನೇ ಬೆಳಗಿನ ಬೀದಿ” ಎಂದ.
ಅದೂ ಸರಿ. ಬರೆದುಕೊಂಡರು.

ಚಹಾದ ಹೊತ್ತಿಗೆ ಮೇಡಂ ಹೇಳಿದರು,
ನಮ್ಮ ಕಲ್ಲೂ ಒಂದು ಕಾಲಕ್ಕೆ ಕರಗಿದ ಬೆಂಕಿಯೇ,
ಹೊರಕ್ಕೆ ಬರಲಿಲ್ಲ ಅಷ್ಟೆ.
ನೆಲದೊಳಗೇ ಕೂತು, ಲಕ್ಷಗಟ್ಟಲೆ ವರ್ಷ, ಮೆಲ್ಲಗೆ ಆರಿತಂತೆ.
ಅದು ಉಗಿಯಿತು. ಇದು ನುಂಗಿಕೊಂಡಿತು.
ಲೋಟ ಹಿಡಿದು ಸುಮ್ಮನೆ ಕೂತೆ.
ಅಪ್ಪ ಮೂವತ್ತು ವರ್ಷ ನುಂಗಿದ್ದು
ಆ ಬಂಡೆಯ ಧೂಳು;
ಕೊನೆಗೆ ಉಗಿದದ್ದನ್ನು ನಾನೇ ಬೂದಿ ಹಾಕಿ ಮುಚ್ಚಿದ್ದೆ.

ವರದಿಯಲ್ಲಿ: ೪೧೭, ಕಲ್ಲಿನ ಗುಣ, ಹತ್ತಕ್ಕೆ ಆರೂವರೆ.
ಚಕ್ಕೆಗಳು ಗಾಜಿನ ಬಾಟಲಿಯಲ್ಲಿ, ಮೇಲೆ ಒಂದು ಚೀಟಿ.
ಮಿಕ್ಕ ವೈನನ್ನು ಮುನೀರ ತೊಟ್ಟಿಗೆ ಸುರಿಯುವ ಮೊದಲು
ಒಂದು ಗುಟುಕು, ದೀಪದ ಹೊರಗೆ, ಹಗಲಲ್ಲಿ.
ಬಿಳಿಯೇನಲ್ಲ, ಎಳೆ ಒಣಹುಲ್ಲಿನ ಬಣ್ಣ.
ಉಗಿಯಲಿಲ್ಲ.

ಸಂಜೆ ಬಸ್ಸಿನಲ್ಲಿ ಅದೇ ಹೂವಿನವಳು, ಬುಟ್ಟಿಯ ತಳದಲ್ಲಿ ಎರಡು ಮೊಳ.
ಚೌಕಾಸಿ ಮಾಡದೆ ಕೊಂಡೆ.
ಮುಡಿಯುವ ಮೊದಲು ಮೂಸಿ ನೋಡಿದರೆ,
ಇನ್ನೂ ಕಲ್ಲು.